ಕಾಡಿನ ಬಸವನಹುಳು, ತೋಟದ ಬಸವನಹುಳು



ಹುಲಿ, ಆನೆಗಳ ಚಿತ್ರ ನೋಡಲು ಜನ ತಾವಾಗಿಯೇ ಬರುತ್ತಾರೆ. ತರಗೆಲೆಯಡಿ ಬದುಕುವ ಬಸವನಹುಳುಗಳಿಗೆಂದೇ ಚಿತ್ರ ಪ್ರದರ್ಶನ ಏರ್ಪಡಿಸಿದ ಸಂಘಟಕರನ್ನು ಮೊದಲು ಅಭಿನಂದಿಸುತ್ತೇನೆ.

ಬಾಗಿಲ ಪಕ್ಕದ ಚಿತ್ರದಲ್ಲಿ ಕೆಂಪು ಹುಳುವನ್ನು ನೋಡಿದಿರಲ್ಲ? ಅದು ಇಂಡ್ರೆಲ್ಲಾ ಆಂಪುಲ್ಲಾ. ಕೆಲವು ಕಡೆ ಹಳದಿಯಾಗಿಯೂ ಕಾಣುತ್ತದೆ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಈ ಘಟ್ಟಗಳಲ್ಲಿ ಗುರುತಿಸಿರುವ ನೆಲದ ಬಸವನಹುಳುಗಳು ಸುಮಾರು 270 ಪ್ರಭೇದ. ಮುಕ್ಕಾಲು ಪಾಲು ಇಲ್ಲಿಗಷ್ಟೇ ಸೀಮಿತ. ತೇವ ಆರಿದರೆ ಮುಂದೆ ಸಾಗಲಾರದ ಜೀವಿಗಳಿವು, ಬಯಲು ದಾಟಿ ಇನ್ನೊಂದು ಕಾಡು ಸೇರುವುದು ಅವುಗಳಿಂದಾಗದು. ಹಾಗಾಗಿ ಒಂದು ಗುಡ್ಡದ ಕಾಡು ಬೋಳಾದರೆ ಅಲ್ಲಿನ ಹುಳು ಅಲ್ಲಿಗೇ ಮುಗಿಯಿತು.

ಬಸವನಹುಳು ಎಂದರೆ ರೈತರಿಗೆ ಬರುವ ಸಿಟ್ಟು ನನಗೆ ಗೊತ್ತು. ಆದರೆ ಬಾಳೆ, ಪಪ್ಪಾಯಿ, ಕಾಫಿ, ಹಿಪ್ಪುನೇರಳೆಯನ್ನು ಮೇಯುವ ಆ ದೊಡ್ಡ ಹುಳು ನಮ್ಮದಲ್ಲ, ಪೂರ್ವ ಆಫ್ರಿಕಾದ್ದು. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಕಂಪನಿ ಸರ್ಕಾರದ ಅಧಿಕಾರಿ ಮಾರಿಷಸ್‌ನಿಂದ ಅದನ್ನು ಕಲ್ಕತ್ತೆಗೆ ತಂದ. ಅಲ್ಲಿಂದ ಅದು ದೇಶವೆಲ್ಲ ಹಬ್ಬಿತು. 1850ರಲ್ಲಿ ನಮ್ಮ ಇಂಡ್ರೆಲ್ಲಾವನ್ನು ವಿಜ್ಞಾನಕ್ಕೆ ಪರಿಚಯಿಸಿದವನೂ ಅದೇ ಬೆನ್ಸನ್. ಬಸವನಹುಳುಗಳನ್ನು ಅಷ್ಟು ಬಲ್ಲವನ ಕೈಯಿಂದಲೇ ಈ ಅನಾಹುತ ಆಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಹಾಗೆಂದು ಅವಸರದಲ್ಲಿ ಮದ್ದು ಹುಡುಕಿದರೆ ಏನಾಗುತ್ತದೆ ನೋಡಿ. ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದಲ್ಲಿ ಇದೇ ಆಫ್ರಿಕಾದ ಹುಳುವನ್ನು ತಿನ್ನಲೆಂದು 1977ರಲ್ಲಿ ಇನ್ನೊಂದು ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು. ಅದು ಅಲ್ಲಿಯದೇ ಆದ ಪುಟ್ಟ ಪಾರ್ಟುಲಾ ಬಸವನಹುಳುಗಳನ್ನು ಹುಡುಕಿ ಹುಡುಕಿ ತಿಂದಿತು. ಹತ್ತು ವರ್ಷದಲ್ಲಿ ಕಾಡಿನಲ್ಲಿ ಅವು ಹೆಚ್ಚುಕಡಿಮೆ ಇಲ್ಲವಾದವು. ಕೆಲವು ಪ್ರಭೇದಗಳು ಮೃಗಾಲಯಗಳಲ್ಲಿ ಮಾತ್ರ ಉಳಿದವು. ಅವಸರದ ಮದ್ದು ರೋಗಕ್ಕಿಂತ ಕೆಟ್ಟದ್ದು.

ಆದ್ದರಿಂದ ರೈತ ಬಂಧುಗಳಲ್ಲಿ ಕೇಳಿಕೊಳ್ಳುತ್ತೇನೆ: ಕಾಡಂಚಿನಲ್ಲಿ ಕಂಡ ಹುಳುವಿಗೆಲ್ಲ ವಿಷದ ಗುಳಿಗೆ ಎರಚಬೇಡಿ. ಉದ್ದ ಶಂಖದಂಥ, ಕಂದು ಪಟ್ಟೆಯ ದೊಡ್ಡ ಚಿಪ್ಪಿನದು ಆಫ್ರಿಕಾದ್ದು. ಒಳಗೆ ಇಟ್ಟಿರುವ ಚಿತ್ರಗಳಲ್ಲಿ ಅದನ್ನೂ ನಮ್ಮ ಕಾಡಿನ ಹುಳುವನ್ನೂ ಪಕ್ಕಪಕ್ಕ ನೋಡಿ ಗುರುತು ಮಾಡಿಕೊಳ್ಳಿ. ಸಂಜೆ ಒದ್ದೆ ಗೋಣಿಚೀಲದ ಅಡಿ ಪಪ್ಪಾಯಿ ಎಲೆ ಇಟ್ಟರೆ ಆಫ್ರಿಕಾದ ಹುಳು ಬಂದು ಸೇರುತ್ತದೆ. ಕೈಗವಸು ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಕೈಗವಸು ಏಕೆಂದರೆ, ಅದರ ಮೈಯಲ್ಲಿ ಮನುಷ್ಯರಿಗೆ ರೋಗ ತರುವ ಪರಾವಲಂಬಿ ಇರಬಹುದು. ನರ್ಸರಿಯಿಂದ ಸಸಿ ತರುವಾಗ ಚೀಲದ ಮಣ್ಣಿನಲ್ಲಿ ಮೊಟ್ಟೆ ಇದೆಯೇ ಎಂದು ನೋಡದೆ ತೋಟದೊಳಕ್ಕೆ ಬಿಟ್ಟುಕೊಳ್ಳಬೇಡಿ.