ಮುನ್ನೂರು ಮಾತಿನ ಸಾರಲೇಖ

ಬೆಳಗಿನ ಕಾಫಿಯ ಹೊತ್ತಿಗೆ ಪತ್ರಿಕೆ ಬಿಡಿಸುತ್ತೀರಿ. ಒಳಪುಟದ ಮೂಲೆಯಲ್ಲೊಂದು ಸುದ್ದಿ ಇರುತ್ತದೆ: ಇಂಥ ಮಾತ್ರೆಯಿಂದ ಹೃದಯಕ್ಕೆ ಒಳ್ಳೆಯದೆಂದು ಇಂಥ ಊರಿನ ವೈದ್ಯ ಸಮ್ಮೇಳನದಲ್ಲಿ ತಜ್ಞರು ತಿಳಿಸಿದರಂತೆ. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದರೆ ಆ ತುಣುಕನ್ನು ಕತ್ತರಿಸಿ ಇಟ್ಟುಕೊಳ್ಳುವುದೂ ಉಂಟು. ಮುಂದಿನ ಸಲ ಡಾಕ್ಟರ ಬಳಿಗೆ ಹೋದಾಗ ಅದು ಜೇಬಿನಿಂದ ಹೊರಗೆ ಬರುತ್ತದೆ. ಹಾಗೆ ಹೊರಗೆ ಬಂದ ತುಣುಕುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅವುಗಳ ಹಿಂದೆ ಇರತಕ್ಕದ್ದೇನು, ಅದು ಸಮ್ಮೇಳನಕ್ಕೆ ಹೋದದ್ದು ಹೇಗೆ, ಅಲ್ಲಿಂದ ಮುಂದೆ ಅದರ ಗತಿ ಏನಾಗುತ್ತದೆ ಎಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಬಹುಮಟ್ಟಿಗೆ ಆ ಸುದ್ದಿಯ ಹಿಂದೆ ಇರುವುದು ಒಂದು ಪುಟದ ಬರಹ. ಇಂಗ್ಲಿಷಿನಲ್ಲಿ ಅದನ್ನು ಅಬ್‌ಸ್ಟ್ರ್ಯಾಕ್ಟ್ ಎನ್ನುತ್ತಾರೆ. ನಾವು ಸಾರಲೇಖ ಎನ್ನೋಣ. ಸಮ್ಮೇಳನ ನಡೆಯುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಪ್ರಕಟಣೆ ಹೊರಡುತ್ತದೆ: ನಿಮ್ಮ ಸಂಶೋಧನೆಯ ಸಾರವನ್ನು ಇಂಥ ದಿನದೊಳಗೆ ಕಳುಹಿಸಿ, ಇನ್ನೂರೈವತ್ತು ಅಥವಾ ಮುನ್ನೂರು ಪದ ಮೀರಕೂಡದು, ಎಂದು. ಹಿಂದೆ ಅಚ್ಚಾದ ಚೌಕಟ್ಟಿನೊಳಗೆ ಟೈಪು ಮಾಡಿ ಅಂಚೆಗೆ ಹಾಕುತ್ತಿದ್ದರು. ಒಂದಕ್ಷರ ಗೆರೆ ದಾಟಿದರೂ ತಕರಾರು. ಈಗ ಕಂಪ್ಯೂಟರಿನಲ್ಲೇ ತುಂಬಿ ಕಳುಹಿಸುವುದು. ಮುನ್ನೂರೊಂದನೆಯ ಪದವನ್ನು ಅದು ತೆಗೆದುಕೊಳ್ಳುವುದೇ ಇಲ್ಲ. ಕೊನೆಯ ದಿನ ರಾತ್ರಿ ಹನ್ನೊಂದರವರೆಗೆ ಕೂತು ‘ಆದ್ದರಿಂದ’, ‘ಅದೂ ಅಲ್ಲದೆ’ಗಳನ್ನು ಒಂದೊಂದಾಗಿ ಕಿತ್ತುಹಾಕುವ ಯುವ ವೈದ್ಯರನ್ನು ನೋಡಿದರೆ, ತುಂಬಿದ ಪೆಟ್ಟಿಗೆಯ ಮೇಲೆ ಕೂತು ಬೀಗ ಹಾಕುವ ಮದುವೆಮನೆಯವರ ನೆನಪಾಗುತ್ತದೆ.

ಆ ಮುನ್ನೂರು ಪದಗಳಲ್ಲಿ ನಾಲ್ಕು ಸಂಗತಿ ಬರಬೇಕು. ಯಾವ ಪ್ರಶ್ನೆ ಎತ್ತಿಕೊಂಡಿರಿ, ಅದನ್ನು ಹೇಗೆ ಪರೀಕ್ಷಿಸಿದಿರಿ, ಏನು ಕಂಡಿರಿ, ಅದರಿಂದ ಏನು ತಿಳಿಯಿತು. ಇದೇನು ಮಹಾ ಎನ್ನಿಸೀತು. ಆದರೆ ಪತ್ರಿಕೆಗಳ ಲೇಖನಗಳ ಸಾರಕ್ಕೆ ಹೀಗೆ ಶೀರ್ಷಿಕೆ ಕೊಟ್ಟು ವಿಂಗಡಿಸಿ ಬರೆಯುವ ಕ್ರಮವನ್ನು ಅಮೆರಿಕದ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ಒಂದು ತಂಡ ಸೂಚಿಸಿದ್ದು 1987ರಷ್ಟು ಈಚೆಗೆ. ರೋಗಿಗಳ ಮೇಲಿನ ಪ್ರಯೋಗಗಳನ್ನು ಸಮ್ಮೇಳನದ ಸಾರಲೇಖದಲ್ಲಿ ಹೇಗೆ ವರದಿ ಮಾಡಬೇಕು, ಎಷ್ಟು ಜನರನ್ನು ಸೇರಿಸಿಕೊಂಡಿರಿ, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಹೇಗೆ ಗೊತ್ತುಮಾಡಿದಿರಿ, ಕೆಡುಕೇನಾದರೂ ಆಯಿತೆ ಎಂಬ ಪಟ್ಟಿ ಬಂದದ್ದು 2008ರಲ್ಲಿ. ಅದಕ್ಕೆ ಮೊದಲು ಬೇಕಾದ್ದನ್ನು ಹೇಳಿ ಬೇಡವಾದದ್ದನ್ನು ನುಂಗಿಬಿಡುವುದಕ್ಕೆ ಅವಕಾಶ ಧಾರಾಳವಾಗಿತ್ತು. ಈಗಲೂ ಇಲ್ಲವೆಂದಲ್ಲ. ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಎಂದು ಮುಗಿಯುವ ಸಾರಲೇಖಗಳು ಬರುತ್ತಲೇ ಇರುತ್ತವೆ. ಅದರ ಅರ್ಥ, ಕೆಲಸ ಇನ್ನೂ ಮುಗಿದಿಲ್ಲ, ರೈಲಿನ ಟಿಕೆಟ್ಟು ಮಾತ್ರ ತೆಗೆಸಿ ಆಗಿದೆ, ಎಂದು.

ಬಂದ ಲೇಖಗಳನ್ನು ಆರಿಸುವವರು ಅದೇ ಶಾಸ್ತ್ರದ ಇತರ ವೈದ್ಯರು. ಒಬ್ಬೊಬ್ಬರ ಮುಂದೆ ಹತ್ತಾರು, ಕೆಲವು ಸಲ ನೂರಾರು ಲೇಖಗಳಿರುತ್ತವೆ. ಒಂದಕ್ಕೆ ನಾಲ್ಕೈದು ನಿಮಿಷ ಸಿಕ್ಕರೆ ಅದೇ ಹೆಚ್ಚು. ಬರೆದವರ ಹೆಸರೂ ಊರೂ ಕಾಣುತ್ತಿದ್ದರೆ ಮನಸ್ಸು ತಾನಾಗಿ ದೊಡ್ಡ ಹೆಸರಿನ ಕಡೆಗೆ ವಾಲುತ್ತದೆ. ಇದು ಊಹೆಯ ಮಾತಲ್ಲ. ಅಮೆರಿಕದ ಹೃದಯ ಸಂಘ, ಅಂದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, 2002ರಿಂದ ಹೆಸರು ಮರೆಮಾಡಿ ಆರಿಸತೊಡಗಿತು. ಹಿಂದಿನ ಎರಡು ವರ್ಷಗಳನ್ನೂ ಮುಂದಿನ ವರ್ಷಗಳನ್ನೂ ಹೋಲಿಸಿ ನೋಡಿ 2006ರಲ್ಲಿ ಪ್ರಕಟಿಸಿದರು. ಹೆಸರು ಕಾಣುತ್ತಿದ್ದಾಗ ಅಮೆರಿಕದವರಿಗೂ, ಇಂಗ್ಲಿಷ್ ಮಾತಾಡುವ ನಾಡಿನವರಿಗೂ, ಹೆಸರಾಂತ ವಿದ್ಯಾಪೀಠದವರಿಗೂ ಸಿಗುತ್ತಿದ್ದ ಅನುಕೂಲ, ಹೆಸರು ಮುಚ್ಚಿದ ಮೇಲೆ ಕಡಮೆಯಾಗಿತ್ತು. ನಮ್ಮ ರಾಯಚೂರಿನಿಂದಲೋ ಹಾಸನದಿಂದಲೋ ಬರೆಯುವ ವೈದ್ಯನಿಗೆ ಇದು ಸಣ್ಣ ಸಂಗತಿಯಲ್ಲ.

ಆಯ್ಕೆಯಾದವರಲ್ಲಿ ಕೆಲವರಿಗೆ ವೇದಿಕೆಯ ಮೇಲೆ ಹತ್ತು ನಿಮಿಷ ಮಾತಾಡುವ ಅವಕಾಶ. ಮಿಕ್ಕವರು ತಮ್ಮ ಕೆಲಸವನ್ನು ಒಂದು ದೊಡ್ಡ ಹಾಳೆಯ ಮೇಲೆ ಅಚ್ಚುಹಾಕಿಸಿ, ಹಲಗೆಗೆ ಅಂಟಿಸಿ, ಪಕ್ಕದಲ್ಲಿ ನಿಂತುಕೊಳ್ಳುತ್ತಾರೆ. ಇದಕ್ಕೆ ಪೋಸ್ಟರ್ ಎಂದು ಹೆಸರು. ಸಂತೆಯಲ್ಲಿ ಅಂಗಡಿ ಹರಡಿಕೊಂಡು ನಿಂತ ಹಾಗೆಯೇ.

ಒಬ್ಬ ತರುಣ ವೈದ್ಯೆಯ ಮಾತು ಹೇಳುತ್ತೇನೆ. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯಲ್ಲಿ ಕೆಲಸ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವ ಒಂದು ಹೊಸ ಕ್ರಮ, ಹಳೆಯ ಕ್ರಮಕ್ಕಿಂತ ಮೇಲೆ ಎಂದು ಆಕೆಗೆ ನಂಬಿಕೆಯಿತ್ತು. ವರ್ಷಕ್ಕೂ ಮಿಕ್ಕಿ ಶ್ರದ್ಧೆಯಿಂದ ಲೆಕ್ಕ ಇಟ್ಟಳು. ಸಾರಲೇಖದ ಗಡುವಿಗೆ ಮೂರು ದಿನ ಇರುವಾಗ ಬಂದು ಕೂತವಳ ಮುಖ ಸಪ್ಪಗಿತ್ತು.

“ಏನಮ್ಮಾ, ಬರೆದದ್ದಾಯಿತೆ?”

“ಇಲ್ಲ ಸಾರ್. ಏನೂ ಸಿಗಲಿಲ್ಲ. ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸವೇ ಇಲ್ಲ. ಕಳಿಸೋದು ಬೇಡ ಅಂತಿದ್ದೀನಿ.”

“ಹೊಸದಕ್ಕೆ ಖರ್ಚೆಷ್ಟು?”

“ಹಳೆಯದರ ನಾಲ್ಕರಷ್ಟು, ಸಾರ್.”

“ಹಾಗಾದರೆ ಏನೂ ಸಿಗಲಿಲ್ಲ ಅನ್ನುತ್ತೀಯಲ್ಲ!”

ಆಕೆಗೆ ನಾನು ಆಗ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. 1980ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಲಾರ್ಕೈನೈಡ್ ಎಂಬ ಔಷಧದ ಪರೀಕ್ಷೆ ನಡೆಯಿತು. ಹೃದಯಾಘಾತವಾದವರಿಗೆ ಕೆಲವು ಸಲ ಎದೆಬಡಿತದ ಲಯ ತಪ್ಪುತ್ತದೆ; ಅದರಿಂದ ಸಾವೂ ಬರಬಹುದು. ಲಯವನ್ನು ಸರಿಪಡಿಸಿದರೆ ಸಾವು ತಪ್ಪೀತೆಂದು ಆಗಿನವರ ತರ್ಕ. ಕೇಳುವುದಕ್ಕೆ ಸರಿಯಾದ ತರ್ಕವೇ. ನೂರರ ಹತ್ತಿರ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧ, ಇನ್ನೊಂದಕ್ಕೆ ಹುಸಿ ಔಷಧ ಕೊಟ್ಟರು. ಔಷಧ ಲಯವನ್ನೇನೋ ಸರಿಪಡಿಸಿತು. ಆದರೆ ಅದನ್ನು ತೆಗೆದುಕೊಂಡವರಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಹುಸಿ ಔಷಧದವರಲ್ಲಿ ಒಬ್ಬ.

ಪರೀಕ್ಷೆ ಮಾಡಿದವರು ಇದು ಆಕಸ್ಮಿಕವಿರಬೇಕೆಂದುಕೊಂಡರು. ಅಷ್ಟರಲ್ಲಿ ವ್ಯಾಪಾರದ ಕಾರಣಗಳಿಂದ ಆ ಔಷಧವನ್ನು ಮುಂದುವರಿಸುವುದೂ ನಿಂತುಹೋಯಿತು. ಬರೆದದ್ದು ಪ್ರಕಟವಾಗಲಿಲ್ಲ. ಕಪಾಟಿನಲ್ಲಿ ಉಳಿಯಿತು. ಇತ್ತ ಅದೇ ಜಾತಿಯ ಬೇರೆ ಔಷಧಗಳು ಅದೇ ತರ್ಕದ ಮೇಲೆ ಬಳಕೆಗೆ ಬಂದವು. 1989ರಲ್ಲಿ ಅಮೆರಿಕದಲ್ಲಿ ‘ಕ್ಯಾಸ್ಟ್’ ಎಂಬ ದೊಡ್ಡ ಪರೀಕ್ಷೆಯಲ್ಲಿ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಎರಡು ಔಷಧಗಳನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಹುಸಿ ಔಷಧದವರಿಗಿಂತ ಅವನ್ನು ತೆಗೆದುಕೊಂಡವರೇ ಹೆಚ್ಚಾಗಿ ಸಾಯುತ್ತಿದ್ದರು. ನಾಟಿಂಗ್‌ಹ್ಯಾಮ್‌ನವರು ತಮ್ಮ ಹಳೆಯ ಕಾಗದಗಳನ್ನು ಹೊರತೆಗೆದು ಪ್ರಕಟಿಸಿದ್ದು 1993ರಲ್ಲಿ. ಆ ಫಲಿತಾಂಶ ಅಂದೇ ಹೊರಬಂದಿದ್ದರೆ ಮುಂದೆ ಬರಲಿದ್ದ ಅನಾಹುತಕ್ಕೆ ಮುನ್ಸೂಚನೆಯಾಗಬಹುದಿತ್ತೆಂದು ಅವರೇ ಬರೆದರು. ಹದಿಮೂರು ವರ್ಷ ಕಳೆದು ಹಾಗೆ ಬರೆಯುವುದಕ್ಕೂ ಎದೆಗಾರಿಕೆ ಬೇಕು. ನಾನು ಅವರನ್ನು ಹೀಗಳೆಯಲಾರೆ.

ಇದು ಔಷಧದ ಕಂಪನಿಗಳ ಕೆಲಸ, ದೊಡ್ಡವರ ಕೆಲಸ ಎಂದು ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಸಮ್ಮೇಳನಗಳಲ್ಲಿ ಮಂಡಿಸಿದ ಸಾರಲೇಖಗಳಲ್ಲಿ ಎಷ್ಟು ಮುಂದೆ ಪೂರ್ತಿ ಲೇಖನವಾಗಿ ಪ್ರಕಟವಾದವು ಎಂದು ಕಾಕ್ರೇನ್ ಸಂಸ್ಥೆಯ ಪರವಾಗಿ ಕೆಲವರು ಲೆಕ್ಕ ಹಾಕಿದರು. 2018ರಲ್ಲಿ ಹೊರಬಂದ ಆ ವರದಿಯಲ್ಲಿ 3,07,028 ಸಾರಲೇಖಗಳ ಲೆಕ್ಕವಿದೆ. ಪೂರ್ತಿ ಪ್ರಕಟವಾದವು ನೂರಕ್ಕೆ 37ರಷ್ಟು. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿ ಮಾಡಿದ ಪ್ರಯೋಗಗಳನ್ನೇ ತೆಗೆದುಕೊಂಡರೂ ನೂರಕ್ಕೆ 60 ಮುಟ್ಟುತ್ತದೆ, ಅಷ್ಟೆ. ‘ಗುಣ ಕಂಡಿತು’ ಎನ್ನುವ ಲೇಖಗಳು ‘ಕಾಣಲಿಲ್ಲ’ ಎನ್ನುವವಕ್ಕಿಂತ ಹೆಚ್ಚಾಗಿ ಅಚ್ಚಾಗುತ್ತವೆ. ಪತ್ರಿಕೆಯವರು ತಿರಸ್ಕರಿಸಿಬಿಡುತ್ತಾರೆಂದು ದೂರುವುದು ನಮ್ಮಲ್ಲಿ ವಾಡಿಕೆ. ಆದರೆ ಏಕೆ ಪ್ರಕಟಿಸಲಿಲ್ಲವೆಂದು ಲೇಖಕರನ್ನೇ ಕೇಳಿದರೆ, ಅವರು ಕೊಡುವ ಮೊದಲ ಕಾರಣ, ಹೊತ್ತು ಸಿಗಲಿಲ್ಲ ಎಂಬುದು. ಸಮ್ಮೇಳನ ಮುಗಿಯಿತು, ಪ್ರಮಾಣಪತ್ರ ಬಂತು, ಹಾಳೆಯನ್ನು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟರು, ಮುಗಿಯಿತು. ನನ್ನ ಮನೆಯ ಬೀರುವಿನ ಮೇಲೂ ಅಂಥ ಎರಡು ಸುರುಳಿಗಳಿವೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ಸುರುಳಿಯೊಳಗೆ ಇರುವುದು ರೋಗಿಗಳ ಋಣ. ಆಸ್ಪತ್ರೆಯ ಮಂಚದ ಮೇಲೆ ಕೂತು, ‘ಮುಂದಿನವರಿಗಾದರೂ ಉಪಯೋಗವಾಗಲಿ ಸ್ವಾಮಿ’ ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು ಅವರು. ಫಲ ಕಾಣದ ಪ್ರಯೋಗವನ್ನೂ ಪ್ರಕಟಿಸಬೇಕು, ಇಲ್ಲವೆ ಹೇಗಾದರೂ ಸಾರ್ವಜನಿಕರಿಗೆ ದೊರೆಯುವಂತೆ ಮಾಡಬೇಕೆಂಬ ಮಾತು, ವೈದ್ಯ ಸಂಶೋಧನೆಯ ನೀತಿಗೆ ಆಧಾರವಾದ ಹೆಲ್ಸಿಂಕಿ ಘೋಷಣೆಯಲ್ಲಿ ಸೇರಿದ್ದು 2000ದಲ್ಲಿ. ನಮ್ಮ ದೇಶದಲ್ಲಿ 2007ರ ಜುಲೈಯಲ್ಲಿ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಎಂಬ ದಾಖಲೆ ಪುಸ್ತಕ ತೆರೆಯಿತು. ಔಷಧಗಳ ಪ್ರಯೋಗವನ್ನು ಮೊದಲೇ ಅದರಲ್ಲಿ ಬರೆಸಬೇಕೆಂದು 2009ರ ಜೂನ್ 15ರಿಂದ ಕಡ್ಡಾಯವಾಯಿತು. ಹೀಗೆ ಬರೆಸಿಟ್ಟ ಪ್ರಯೋಗ ನಡುವೆ ಮಾಯವಾದರೆ, ಏನಾಯಿತಪ್ಪಾ ಎಂದು ಕೇಳುವುದಕ್ಕೊಂದು ಆಧಾರವಾದರೂ ಇರುತ್ತದೆ. ಯಾರು ಬೇಕಾದರೂ, ನೀವು ಕೂಡ, ಅದನ್ನು ಅಂತರ್ಜಾಲದಲ್ಲಿ ತೆರೆದು ನೋಡಬಹುದು.

ಹಾಗೆಂದು ಸಮ್ಮೇಳನದ ಸುದ್ದಿಯನ್ನೆಲ್ಲ ಪಕ್ಕಕ್ಕೆ ತಳ್ಳಿ ಎನ್ನುತ್ತಿಲ್ಲ. 1996ರ ಜುಲೈಯಲ್ಲಿ ಕೆನಡದ ವ್ಯಾಂಕೂವರ್‌ನಲ್ಲಿ ನಡೆದ ಏಡ್ಸ್ ಸಮ್ಮೇಳನದಲ್ಲಿ, ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ರಕ್ತದಲ್ಲಿನ ವೈರಸ್ಸು ಪರೀಕ್ಷೆಗೆ ಸಿಕ್ಕದಷ್ಟು ಇಳಿಯುತ್ತದೆಂದು ಕೇಳಿದ ವೈದ್ಯರು ಊರಿಗೆ ಮರಳಿ ಚಿಕಿತ್ಸೆಯನ್ನೇ ಬದಲಾಯಿಸಿದರು. ಅಚ್ಚಾಗುವವರೆಗೆ ಕಾಯುತ್ತ ಕೂತಿದ್ದರೆ ಎಷ್ಟೋ ಜೀವ ಹೋಗುತ್ತಿತ್ತು. ಅದಕ್ಕೇ ಸಮ್ಮೇಳನಗಳು ಬೇಕು. ಹಣ ಕಟ್ಟಿದವರ ಲೇಖವನ್ನೆಲ್ಲ ಮರುದಿನವೇ ಒಪ್ಪಿಕೊಳ್ಳುವ ಇನ್ನೊಂದು ಬಗೆಯ ಸಮ್ಮೇಳನಗಳೂ ಈಗ ಹುಟ್ಟಿಕೊಂಡಿವೆ. ಅವುಗಳ ಮಾತು ಬೇಡ.

ಇನ್ನು ನಿಮ್ಮ ಜೇಬಿನ ತುಣುಕು. ಅದನ್ನು ಖಂಡಿತ ಡಾಕ್ಟರಿಗೆ ತೋರಿಸಿ. ತೋರಿಸುವಾಗ, ಇದು ಪೂರ್ತಿ ಲೇಖನವಾಗಿ ಅಚ್ಚಾಗಿದೆಯೆ, ಎಷ್ಟು ಜನರ ಮೇಲೆ ನೋಡಿದ್ದಾರೆ, ಕೆಡುಕು ಏನಾಯಿತೆಂದು ಹೇಳಿದ್ದಾರೆಯೆ ಎಂದು ಕೇಳಿ. ಅವರಿಗೆ ಕೂಡಲೇ ಗೊತ್ತಿರದಿದ್ದರೂ ಹುಡುಕಿ ಹೇಳಬಲ್ಲರು. ಅಷ್ಟರವರೆಗೆ ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಸುದ್ದಿ ನಂಬಿ ಬಿಡಬೇಡಿ, ಹೊಸದನ್ನು ಶುರುಮಾಡಲೂ ಬೇಡಿ.

ಆ ತರುಣ ವೈದ್ಯೆ ಕೊನೆಯ ದಿನ ರಾತ್ರಿ ಸಾರಲೇಖವನ್ನು ಕಳುಹಿಸಿದಳು. ‘ವ್ಯತ್ಯಾಸ ಕಂಡುಬರಲಿಲ್ಲ’ ಎಂಬುದನ್ನು ಮೆತ್ತಗೆ ಮಾಡದೆ ಹಾಗೆಯೇ ಬರೆದಿದ್ದಳು. ವೇದಿಕೆ ಸಿಗಲಿಲ್ಲ, ಊಟದ ಮನೆಗೆ ಹೋಗುವ ಓಣಿಯಲ್ಲಿ ಒಂದು ಹಲಗೆ ಸಿಕ್ಕಿತು. ಇಡೀ ಮಧ್ಯಾಹ್ನ ನಿಂತರೂ ಬಂದು ಕೇಳಿದವರು ನಾಲ್ಕೇ ಜನವಂತೆ. ಅವರಲ್ಲಿ ಒಬ್ಬರು ಬೇರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯವರು. ಆ ದುಬಾರಿ ಪಟ್ಟಿಯನ್ನು ತರಿಸಬೇಕೆಂದು ಅರ್ಜಿ ಸಿದ್ಧಮಾಡಿಕೊಂಡಿದ್ದರಂತೆ; ಅಂಕಿಗಳನ್ನು ಒಂದೊಂದಾಗಿ ತಮ್ಮ ಡೈರಿಯಲ್ಲಿ ಬರೆದುಕೊಂಡು, ಪೂರ್ತಿ ಲೇಖನ ಯಾವಾಗ ಬರುತ್ತದೆ ಎಂದು ಕೇಳಿ ಹೋದರು. ಈಗ ಆಕೆ ಅದನ್ನು ಬರೆಯುತ್ತಿದ್ದಾಳೆ. ಮೊದಲ ಕರಡು ಹೋದ ವಾರ ನನ್ನ ಮೇಜಿಗೆ ಬಂದಿದೆ.