ಕರು ಹಾಕಿದ ಮೇಲೆ ಗರ್ಭಕೋಶ ಮಾಯುವ ಬಗೆ

(ಒಕ್ಕೂಟದ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಯಾವ ಊರಿಗೆ ಹೋದರೂ ನಮಗೆ ಎದುರಾಗುವ ಪ್ರಶ್ನೆ ಒಂದೇ. "ಡಾಕ್ಟ್ರೇ, ನಾಲ್ಕು ಸಲ ಇಂಜೆಕ್ಷನ್ ಕೊಡಿಸಿದರೂ ಹಸು ಗಬ್ಬ ನಿಲ್ಲುತ್ತಿಲ್ಲ, ಏನು ಮಾಡೋಣ?" ಇದಕ್ಕೆ ಉತ್ತರ ಎಷ್ಟೋ ಸಲ ಬೆದೆಯ ದಿನದಲ್ಲಿ ಸಿಗುವುದಿಲ್ಲ. ಎರಡು ಮೂರು ತಿಂಗಳ ಹಿಂದೆ ಕರು ಹಾಕಿದ ದಿನದಲ್ಲಿ, ಅದಕ್ಕೂ ಹಿಂದಿನ ಎರಡು ಮೂರು ವಾರಗಳಲ್ಲಿ ಹುಡುಕಬೇಕಾಗುತ್ತದೆ. ಆ ದಿನಗಳಲ್ಲಿ ಗರ್ಭಕೋಶದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಈ ಹೊತ್ತು ಹೇಳುತ್ತೇನೆ.

ಮೊದಲು ಲೆಕ್ಕ ನೋಡಿ. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ ಕೈಯಲ್ಲಿ ಉಳಿಯುವುದು 85 ದಿನ. ಅಷ್ಟರೊಳಗೆ ಗರ್ಭಕೋಶ ಮಾಯಬೇಕು, ಹಸು ಬೆದೆಗೆ ಬರಬೇಕು, ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಮೂರು ತಪ್ಪಿದರೆ 63 ದಿನ. ಹಿಂಡಿ ಬೂಸದ ಖರ್ಚು ಮಾತ್ರ ನಿಲ್ಲುವುದಿಲ್ಲ. ಕೊನೆಗೆ ಒಳ್ಳೆಯ ಹಾಲಿನ ಹಸುವನ್ನೇ ಗೊಡ್ಡು ಎಂದು ಸಂತೆಗೆ ಹೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ.

ಕರು ಹಾಕಿದ ದಿನ ಗರ್ಭಕೋಶದ ತೂಕ ಸುಮಾರು 9 ಕಿಲೋ. ಒಂದು ತಿಂಗಳಲ್ಲಿ ಅದು ಒಂದು ಕಿಲೋಗೆ ಇಳಿಯುತ್ತದೆ. ಅದರ ಒಳಮೈಯಲ್ಲಿ 75ರಿಂದ 120 ಗುಂಡಿಗಳಿರುತ್ತವೆ. ಸತ್ತೆ ಅನ್ನಿ, ಕಸ ಅನ್ನಿ, ಮಾಸು ಅನ್ನಿ, ಅದು ಅಂಟಿಕೊಂಡಿರುವುದು ಈ ಗುಂಡಿಗಳಿಗೇ, ಅಂಗಿಯ ಗುಂಡಿಗೆ ಕಾಜ ಸಿಕ್ಕಿಸಿದ ಹಾಗೆ. ಸತ್ತೆ ಬಿದ್ದ ಮೇಲೆ ಒಂದೊಂದು ಗುಂಡಿಯೂ ಒಂದೊಂದು ಹಸಿ ಗಾಯ. ಗುಂಡಿಯ ಮೇಲ್ಭಾಗ ಸುಮಾರು 12ನೇ ದಿನದ ಹೊತ್ತಿಗೆ ಉದುರಿ ಹೊರಗೆ ಬರುತ್ತದೆ. ಹೊಸ ಒಳಪೊರೆ ಹಬ್ಬಿ ಗಾಯ ಮುಚ್ಚಲು ಸುಮಾರು 25 ದಿನ ಬೇಕು. ಅದರ ಕೆಳಗಿನ ಪದರಗಳು ಸರಿಯಾಗಲು ಆರರಿಂದ ಎಂಟು ವಾರ.

ಈ ಮಧ್ಯೆ ಗರ್ಭಕೋಶದ ಬಾಯಿ ತೆರೆದಿರುತ್ತದೆ. ಸಗಣಿ, ಗಂಜಲ, ಬಾಲ, ನೆಲ ಎಲ್ಲದರಿಂದಲೂ ರೋಗಾಣುಗಳು ಒಳಗೆ ಸೇರುತ್ತವೆ. ಮೊದಲ ಎರಡು ವಾರ ಹತ್ತು ಹಸುಗಳಲ್ಲಿ ಎಂಟು ಒಂಬತ್ತರ ಗರ್ಭಕೋಶದಲ್ಲಿ ರೋಗಾಣು ಇದ್ದೇ ಇರುತ್ತವೆ. ಆದರೂ ಹೆಚ್ಚಿನ ಹಸುಗಳು ಔಷಧಿಯಿಲ್ಲದೆ ತಾವಾಗಿಯೇ ಸರಿಹೋಗುತ್ತವೆ. ಅವನ್ನು ಸರಿಪಡಿಸುವುದು ಬಾವು, ಅಂದರೆ ಉರಿಯೂತ. ನಾವು ರೋಗವೆಂದು ಹೆದರುವ ಅದೇ ಬಾವು.

ಅದು ಹೇಗೆಂದರೆ, ಗರ್ಭಕೋಶದ ಒಳಪೊರೆಯ ಪ್ರತಿಯೊಂದು ಜೀವಕೋಶದ ಮೇಲೂ ಕಾವಲುಗಾರನಂಥ ಅಣುಗಳಿವೆ. ಟೋಲ್ ಮಾದರಿಯ ಗ್ರಾಹಕಗಳು ಎಂದು ಅವುಗಳ ಹೆಸರು. ಇ. ಕೋಲಿ ಎಂಬ ಸಗಣಿಯ ರೋಗಾಣುವಿನ ಹೊರಪೊರೆಯಲ್ಲಿ ಒಂದು ವಿಷ ಇರುತ್ತದೆ. ಅದು ಸೋಂಕಿದ ಕೂಡಲೇ ನಾಲ್ಕನೇ ನಂಬರಿನ ಗ್ರಾಹಕ ಗುರುತು ಹಿಡಿಯುತ್ತದೆ. (ಹಣ್ಣಿನ ನೊಣದಲ್ಲೂ ಇಲಿಯಲ್ಲೂ ಈ ಕಾವಲಿನ ಗುಟ್ಟು ಕಂಡುಹಿಡಿದ ಹಾಫ್‌ಮನ್ ಮತ್ತು ಬ್ಯೂಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಬಹುಮಾನ ಬಂತು. ನೊಣದಿಂದ ಹಸುವಿನವರೆಗೆ ಏರ್ಪಾಡು ಹೆಚ್ಚುಕಡಿಮೆ ಒಂದೇ.) ಒಡನೆಯೇ ಜೀವಕೋಶ ಇಂಟರ್‌ಲ್ಯೂಕಿನ್ ಮೊದಲಾದ ಸಂದೇಶ ದ್ರವ್ಯಗಳನ್ನು ಬಿಡುತ್ತದೆ. ಊರಿನಲ್ಲಿ ಬೆಂಕಿ ಬಿದ್ದರೆ ತಮಟೆ ಬಡಿದು ಜನ ಕೂಡಿಸುವುದಿಲ್ಲವೇ, ಹಾಗೆ. ಇಂಟರ್‌ಲ್ಯೂಕಿನ್-8 ಎಂಬ ಸಂದೇಶ ಕೇಳಿ ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗರ್ಭಕೋಶಕ್ಕೆ ನುಗ್ಗುತ್ತವೆ, ರೋಗಾಣುಗಳನ್ನು ನುಂಗುತ್ತವೆ, ತಾವೂ ಸಾಯುತ್ತವೆ. ಕೀವಿನಲ್ಲಿ ಬಹುಪಾಲು ಈ ಸತ್ತ ಕಣಗಳೇ. ಕೆಲಸ ಮುಗಿದ ಮೇಲೆ ಸಂದೇಶಗಳು ಬದಲಾಗಬೇಕು. ಕಸ ಗುಡಿಸುವ ಬೇರೆ ಕಣಗಳು ಬಂದು ಸತ್ತದ್ದನ್ನೆಲ್ಲ ತಿಂದು, ಹೊಸ ಪೊರೆ ಬೆಳೆಯಲು ಅನುವು ಮಾಡಬೇಕು. ಬೇಗ ಏಳುವ, ಬೇಗ ಇಳಿಯುವ ಬಾವು ಒಳ್ಳೆಯದು. ಏಳದೆ ಹೋದರೂ ಕಷ್ಟ, ಇಳಿಯದೆ ಹೋದರೂ ಕಷ್ಟ.

ಏಳದೆ ಹೋದದ್ದಕ್ಕೆ ಉದಾಹರಣೆ ಸತ್ತೆ ಬೀಳದಿರುವುದು. ಸತ್ತೆಯನ್ನು ಗುಂಡಿಯಿಂದ ಸಡಿಲಿಸುವ ಕೆಲಸದಲ್ಲೂ ಈ ಬಿಳಿ ಕಣಗಳದ್ದೇ ದೊಡ್ಡ ಪಾಲು. ಅಮೆರಿಕದಲ್ಲಿ ಕಿಮುರಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಯಾವ ಹಸುಗಳಿಗೆ ಮುಂದೆ ಸತ್ತೆ ನಿಂತಿತೋ ಅವುಗಳ ಬಿಳಿ ಕಣಗಳು ಕರು ಹಾಕುವ ಮುಂಚೆಯೇ ಮಂಕಾಗಿದ್ದವು. ಅಂದರೆ ಸತ್ತೆ ನಿಂತದ್ದು ಹಸುವಿನ ರೋಗನಿರೋಧಕ ಶಕ್ತಿ ಮೊದಲೇ ಕುಂದಿತ್ತೆಂಬುದರ ಗುರುತು. ಎಳೆದು ಹಾಕಿದರೆ ಆ ಕುಂದು ಹೋಗುವುದಿಲ್ಲ.

ಆದ್ದರಿಂದ ದಯವಿಟ್ಟು ಎಳೆಯಬೇಡಿ. ಜೋತುಬಿದ್ದ ಸತ್ತೆಗೆ ಕಲ್ಲು, ಹಳೇ ಚಪ್ಪಲಿ ಕಟ್ಟುವುದನ್ನು ಬಿಡಿ. ಎಳೆದರೆ ಗುಂಡಿ ಹರಿಯುತ್ತದೆ, ರಕ್ತ ಸೋರುತ್ತದೆ, ಮಾಯಬೇಕಾದ ಗಾಯ ಮತ್ತೆ ಹಸಿಯಾಗುತ್ತದೆ. ಸಾಧಾರಣವಾಗಿ 12 ಗಂಟೆಯೊಳಗೆ ಬೀಳಬೇಕು. 24 ಗಂಟೆ ಕಳೆದರೆ ವೈದ್ಯರಿಗೆ ಹೇಳಿ. ಬಿದಿರಿನ ಸೊಪ್ಪು ತಿನ್ನಿಸುವ ಬಗ್ಗೆ ನನ್ನ ತಕರಾರಿಲ್ಲ, ಅದನ್ನೇ ನಂಬಿ ಮೂರು ದಿನ ಕಾಯುವುದಕ್ಕೆ ತಕರಾರಿದೆ. ವೈದ್ಯರು ಬಂದಾಗ "ಕೈ ಹಾಕಿ ತೆಗೆಯಿರಿ, ಗುಳಿಗೆ ಇಡಿ" ಎಂದು ಒತ್ತಾಯ ಮಾಡುತ್ತೀರಿ. ಜ್ವರವಿಲ್ಲದೆ, ಮೇವು ತಿನ್ನುತ್ತಿರುವ ಹಸುವಿಗೆ ಸತ್ತೆ ತಾನಾಗಿ ಕೊಳೆತು ಕೆಲವು ದಿನಗಳಲ್ಲಿ ಬೀಳುತ್ತದೆ. ಜೋತುಬಿದ್ದದ್ದನ್ನಷ್ಟೇ ಕತ್ತರಿಸಿ ಕಾಯುವುದು ಒಳ್ಳೆಯದು. ಕೈ ಹಾಕದ ವೈದ್ಯರಿಗೆ ಕೆಲಸ ಗೊತ್ತಿಲ್ಲವೆಂದು ತಿಳಿಯಬೇಡಿ.

ನೋಡಬೇಕಾದ್ದು ಜ್ವರ ಮತ್ತು ವಾಸನೆ. ಮೊದಲ ಹತ್ತು ದಿನ ಥರ್ಮಾಮೀಟರ್ ಇಟ್ಟು ನೋಡಿ. 103 ಡಿಗ್ರಿ ಮೀರಿದ್ದರೆ, ನೀರಿನಂಥ ಕೆಂಪು-ಕಂದು ದ್ರವ ಗಬ್ಬೆಂದು ನಾರುತ್ತಿದ್ದರೆ, ಹಸು ಮೇವು ಬಿಟ್ಟಿದ್ದರೆ ಅದೇ ದಿನ ಚಿಕಿತ್ಸೆಯಾಗಬೇಕು. ವಾಸನೆಯಿಲ್ಲದ ಕಂದು ಲೋಳೆ ಎರಡು ವಾರದವರೆಗೆ ಬಂದರೆ ಹೆದರಬೇಕಿಲ್ಲ. ಆ್ಯಂಟಿಬಯೋಟಿಕ್ ಕೊಟ್ಟರೆ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಒಬ್ಬರ ಕ್ಯಾನಿನಿಂದ ಇಡೀ ಸಂಘದ ಹಾಲು ಕೆಡುತ್ತದೆ.

ಇನ್ನು ಇಳಿಯದ ಬಾವು. 21 ದಿನ ಕಳೆದ ಮೇಲೂ ಕೀವು ಬರುತ್ತಿದ್ದರೆ ಒಳಪೊರೆ ಮಾಯುತ್ತಿಲ್ಲವೆಂದು ಅರ್ಥ. ಇಲ್ಲಿ ಟ್ರೂಪೆರೆಲ್ಲಾ ಎಂಬ ಇನ್ನೊಂದು ರೋಗಾಣು ಸೇರಿಕೊಳ್ಳುತ್ತದೆ. ಒಳಪೊರೆ ಮುಚ್ಚದ ಕಡೆ ಅದರ ವಿಷ ಕೆಳಗಿನ ಪದರದ ಜೀವಕೋಶಗಳನ್ನು ತೂತು ಮಾಡಿ ಕೊಲ್ಲುತ್ತದೆ. ಇ. ಕೋಲಿಯ ವಿಷ ಮತ್ತೊಂದು ಕಿತಾಪತಿ ಮಾಡುತ್ತದೆ. ಹಸುವನ್ನು ಬೆದೆಗೆ ತರಬೇಕಾದ ಎಫ್ ಜಾತಿಯ ಪ್ರೋಸ್ಟಾಗ್ಲಾಂಡಿನ್ ಬದಲು ಇ ಜಾತಿಯದು ಹೆಚ್ಚು ಉತ್ಪತ್ತಿಯಾಗುವಂತೆ ಮಾಡುತ್ತದೆ. ಅದೇ ವಿಷ ಅಂಡಾಶಯವನ್ನೂ ಮುಟ್ಟಿ ಅಂಡಕೋಶಗಳ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ. ಬೆದೆ ಬರುವುದಿಲ್ಲ, ಬಂದರೆ ತಿಳಿಯುವುದಿಲ್ಲ. ಕೆಲವು ಹಸುಗಳಲ್ಲಿ ಕೀವೇ ಕಾಣದೆ ಒಳಗೊಳಗೇ ಬಾವು ಉಳಿದಿರುತ್ತದೆ. ನಿಮ್ಮ ನಾಲ್ಕು ಇಂಜೆಕ್ಷನ್‌ನ ಹಸುಗಳಲ್ಲಿ ಇಂಥವೂ ಸೇರಿವೆ. ಆದ್ದರಿಂದ ಕರು ಹಾಕಿದ 25–30 ದಿನಕ್ಕೆ ಒಮ್ಮೆ ಗರ್ಭಕೋಶ ಪರೀಕ್ಷೆ ಮಾಡಿಸಿ. 60 ದಿನದೊಳಗಿನ ಬೆದೆಗೆ ಅವಸರ ಪಡಬೇಡಿ. ಬೆದೆಯ ಲೋಳೆ ಕನ್ನಡಿಯಂತೆ ತಿಳಿಯಾಗಿದೆಯೇ ನೋಡಿ. ಕೀವಿನ ಎಳೆ ಕಂಡರೆ ಆ ಸಲ ಇಂಜೆಕ್ಷನ್ ಬೇಡ, ಚಿಕಿತ್ಸೆ ಮಾಡಿಸಿ.

ಬಿಳಿ ಕಣಗಳು ಮಂಕಾಗುವುದು ಏಕೆ? ತುಂಬುಗಬ್ಬದ ಕೊನೆಯಲ್ಲಿ ಹಸು ಮೇವು ಕಡಿಮೆ ತಿನ್ನುತ್ತದೆ, ಕರು ಹಾಕಿದ ಮೇಲೆ ಹಾಲಿಗೆ ಶಕ್ತಿ ಹರಿಯುತ್ತದೆ. ಮೈಯ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಎರಡೂ ಬಿಳಿ ಕಣಗಳ ಕೈ ಕಟ್ಟುತ್ತವೆ. ನಮ್ಮಲ್ಲಿ ಹಾಲು ಬತ್ತಿಸಿದ ಹಸುವಿಗೆ ಹಿಂಡಿ ನಿಲ್ಲಿಸಿಬಿಡುವ ರೂಢಿ ಇದೆ. ಹಾಲಿಲ್ಲದ ಹಸುವಿಗೆ ಯಾಕೆ ಎನ್ನುತ್ತೀರಿ. ಅತಿ ದುಬಾರಿಯಾಗುವ ಉಳಿತಾಯ ಇದೇ. ಕೊನೆಯ ಮೂರು ವಾರ ದಿನಕ್ಕೆ ಒಂದು ಕಿಲೋ ಪಶು ಆಹಾರದಿಂದ ಶುರುಮಾಡಿ, ಹಸುವಿನ ಮೈ ನೋಡಿ, ಎರಡು ಕಿಲೋವರೆಗೆ ಏರಿಸಿ. ಕೊಬ್ಬಿದ ಹಸುವಿಗೆ ಏರಿಸಬೇಡಿ. ಒಣ ಹುಲ್ಲಿನಲ್ಲಿ ಇ ಜೀವಸತ್ವ ಬಹಳ ಕಡಿಮೆ, ಹಸಿರು ಮೇವು ಸ್ವಲ್ಪವಾದರೂ ಇರಲಿ. ಖನಿಜ ಮಿಶ್ರಣ ತಪ್ಪಿಸಬೇಡಿ. ಕ್ಯಾಲ್ಸಿಯಂ ಸಿರಪ್ಪನ್ನು ಮಾತ್ರ ಕರು ಹಾಕುವ ಮೊದಲು ಹೊಯ್ಯಬೇಡಿ. ಹೊಯ್ದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಅಭ್ಯಾಸ ದೇಹಕ್ಕೆ ತಪ್ಪುತ್ತದೆ. ಕರು ಹಾಕಿದ ಮೇಲೆ ಕೊಡಿ.

ತಾಯಂದಿರಿಗೆ ಒಂದು ಮಾತು, ಕೊಟ್ಟಿಗೆ ಕೆಲಸ ಹೆಚ್ಚು ಮಾಡುವವರು ನೀವೇ. ಬಿದ್ದ ಸತ್ತೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಂದು ಹಾಕುವ ರೋಗವಿದ್ದರೆ, ಅಂದರೆ ಬ್ರುಸೆಲ್ಲೋಸಿಸ್ ಇದ್ದರೆ, ಅದು ಮನುಷ್ಯರಿಗೂ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಸತ್ತೆಯನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಇರುವವರು ಅದನ್ನು ಬಿಟ್ಟು, ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿ ಎಳೆಯದಂತೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆಯನ್ನು ಒಮ್ಮೆ ಹಾಕಿಸಿದರೆ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಲಸಿಕೆಯೂ ಸೇರಿದೆ. ನಿಮ್ಮ ಮನೆಯಲ್ಲಿ ಆ ವಯಸ್ಸಿನ ಕರು ಇದ್ದರೆ ಈಗಲೇ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ. ಪ್ರಶ್ನೆಗಳಿದ್ದವರು ಕೇಳಬಹುದು.