ಜಾತಕದ ಜೊತೆಗೊಂದು ರಕ್ತಪರೀಕ್ಷೆ

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಆದರೂ ಈ ವಿಷಯ ಆರಿಸಿಕೊಂಡಿದ್ದೇನೆ. ಮೆಂಡಲನ ಬಟಾಣಿ ಗಿಡವೆಂದು ನಾವೆಲ್ಲ ಬಾಯಿಪಾಠ ಮಾಡಿ ಅಂಕ ಪಡೆದ ಪಾಠ, ಮನೆಯ ಮದುವೆ ಮಾತುಕತೆಗೂ ಬೇಕಾದದ್ದು.

ನಮ್ಮ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. 11ನೆಯದರಲ್ಲಿ ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಒಂದು ಜೀನ್ ಇದೆ. ಅದರಲ್ಲಿ ಒಂದೇ ಅಕ್ಷರ ಬದಲಾದರೂ ಕೆಲವೊಮ್ಮೆ ಕೆಲಸ ಕೆಡುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಒಂದು ಚಿಹ್ನೆ ತಪ್ಪಿದ ಹಾಗೆ. ಎರಡು ಪ್ರತಿಗಳಲ್ಲಿ ಒಂದು ಸರಿಯಿದ್ದರೆ ಮನುಷ್ಯ ಆರಾಮವಾಗಿಯೇ ಇರುತ್ತಾನೆ. ಅವನು ಥಲಸ್ಸೀಮಿಯಾ ವಾಹಕ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 3-4 ಮಂದಿ ಹೀಗಿದ್ದಾರೆ. ಸ್ವಲ್ಪ ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದವರಲ್ಲಿ ಕೆಲವರು ಇವರೇ.

ಎರಡೂ ಪ್ರತಿ ಕೆಟ್ಟ ಮಗುವಿನ ಕಥೆ ಬೇರೆ. ಹುಟ್ಟುವಾಗ ಚೆನ್ನಾಗಿರುತ್ತದೆ, ಆರು ತಿಂಗಳು ದಾಟಿದ ಮೇಲೆ ಬಿಳಿಚಿಕೊಳ್ಳತೊಡಗುತ್ತದೆ. ಕಾಯಿಲೆ ತೀವ್ರವಾಗಿದ್ದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಹಾಗೆ ಕೊಟ್ಟ ರಕ್ತದ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಸೇರಿಕೊಳ್ಳುವುದರಿಂದ ಅದನ್ನು ಹೊರಹಾಕಲು ಮತ್ತೊಂದು ಔಷಧ. ಕೂಲಿ ಬಿಟ್ಟು, ಬಸ್ಸು ಹತ್ತಿ, ಜಿಲ್ಲಾಸ್ಪತ್ರೆಯಲ್ಲಿ ಇಡೀ ದಿನ. ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಹುದು. ಹೊಂದುವ ದಾನಿ ಸಿಗಬೇಕು, ಲಕ್ಷಗಟ್ಟಲೆ ಹಣವೂ ಬೇಕು.

ಇಂಥ ಮಗು ಹುಟ್ಟಿದಾಗ ಬೈಸಿಕೊಳ್ಳುವವಳು ಸೊಸೆ. ಅವಳ ಕಾಲ್ಗುಣವಂತೆ! ಕೆಟ್ಟ ಪ್ರತಿ ಎರಡು ಕಡೆಯಿಂದಲೂ ಬಂದಿರುತ್ತದೆ, ಮಗನ ಪಾಲೂ ಅಷ್ಟೇ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. “ಮೊದಲನೆಯದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ” ಎನ್ನುವಂತಿಲ್ಲ. ಪ್ರತಿ ಸಲವೂ ಕವಡೆ ಹೊಸದಾಗಿಯೇ ಬೀಳುತ್ತದೆ.

ಸಂಬಂಧದೊಳಗೆ ಮದುವೆಯಾದರೆ ಲೆಕ್ಕ ಬಿಗಿಯಾಗುತ್ತದೆ. ಸೋದರಮಾವ ವಾಹಕನಾಗಿದ್ದರೆ ಅಕ್ಕನೂ ವಾಹಕಳಾಗಿರುವ ಸಾಧ್ಯತೆ ಅರ್ಧ, ಅವಳ ಮಗಳಿಗೆ ಕಾಲು. ಹೊರಗಿನ ಹುಡುಗಿಯಾದರೆ ನೂರಕ್ಕೆ ಮೂರೋ ನಾಲ್ಕೋ. ಸಂಬಂಧ ಬೆಳೆಸಬೇಡಿ ಎಂದು ಹಿರಿಯರಿಗೆ ಹೇಳುವಷ್ಟು ದೊಡ್ಡವನು ನಾನಲ್ಲ. ಮಾತು ಮುಗಿಸುವ ಮೊದಲು ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಿ ಎಂದಷ್ಟೇ ಕೇಳುತ್ತೇನೆ. ಒಬ್ಬರು ಮಾತ್ರ ವಾಹಕರಾದರೆ ಈ ಕಾಯಿಲೆಯ ಭಯದಿಂದ ಮದುವೆ ನಿಲ್ಲಿಸಬೇಕಾಗಿಲ್ಲ. ಈಗಾಗಲೇ ಮದುವೆಯಾದ ಇಬ್ಬರೂ ವಾಹಕರಾದರೆ, ಬಸಿರು ನಿಂತ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮೂರನೇ ತಿಂಗಳ ಹೊತ್ತಿಗೇ ಭ್ರೂಣದ ಪರೀಕ್ಷೆ ಸಾಧ್ಯವಿದೆ.

ಊಟಕ್ಕೆ ಎಲೆ ಹಾಕುತ್ತಿದ್ದಾರೆ. ಕೇಳುವುದಿದ್ದವರು ಪಂಕ್ತಿಯಲ್ಲಿ ನನ್ನ ಪಕ್ಕ ಕೂರಿ.